ಮೊಗಲಾಯಿಗೆ ಹೋದ ಕಾಲುಪಿಟೀಲು

ನಾನು ಪರದೇಶ ಪ್ರವಾಸ ಮಾಡಿ ಬಂದವನು ಎಂದು ಹೇಳಿಕೊಂಡರೆ ಮೈಸೂರಿನ ಗೆಳೆಯರು ಮೊದಲು ನನ್ನ ಕಾಲಿನತ್ತ ನೋಡುತ್ತಾರೆ. ಅಲ್ಲಿ ಬೂಟು ಕಾಣದೆ, ಮುಖ ನೋಡಿ ನಗುತ್ತಾರೆ. ನಗಲಿ. ತನ್ನದೇ ನಾಣ್ಯ, ತನ್ನದೇ ಅಂಚೆ ಚೀಟಿ, ತನ್ನದೇ ಸುಂಕದ ಕಟ್ಟೆ ಇರುವ ಸೀಮೆಯನ್ನು ಪರದೇಶ ಎನ್ನದೆ ಇನ್ನೇನೆನ್ನಬೇಕು? ನಿಜಾಮರ ರಾಜ್ಯಕ್ಕೆ, ಆ ಕಡೆಯವರು ಮೊಗಲಾಯಿ ಎನ್ನುವ ಸೀಮೆಗೆ, ನಾನು ಹೋಗಿ ಬಂದಿದ್ದೇನೆ. ಹಡಗಿನ ಬದಲು ಹರಿಗೋಲು, ಸಮುದ್ರದ ಬದಲು ತುಂಗಭದ್ರೆ, ವ್ಯತ್ಯಾಸ ಇಷ್ಟೇ. ಹೊಟ್ಟೆ ತೊಳಸುವ ವಿಷಯದಲ್ಲಿ ನಾನು ಯಾವ ಹಡಗಿನ ಪ್ರಯಾಣಿಕನಿಗೂ ಕಡಿಮೆಯಾಗಲಿಲ್ಲ.

ನನ್ನ ಕಸುಬು ಪಿಟೀಲು. ಮನೆಯಲ್ಲಿ ತಂದೆಯಿಂದ ನಮ್ಮ ಸಂಗೀತ ಕಲಿತೆ. ಹೊಟ್ಟೆಪಾಡಿಗೆ ಬ್ಯಾಂಡೊಂದನ್ನು ಸೇರಿ, ಕಾಗದದ ಮೇಲಿನ ಇಂಗ್ಲಿಷ್ ಸ್ವರಗಳನ್ನು ಓದಿ ನುಡಿಸುವುದನ್ನೂ ಕಲಿತೆ. ಕಾಗದ ನೋಡಿ ನುಡಿಸುವವನಿಗೆ ಒಂದು ಶಾಪವಿದೆ. ಅವನು ತಲೆಯೆತ್ತುವಂತಿಲ್ಲ. ಎದುರಿಗೆ ರಂಭೆ ಕುಣಿದರೂ ಅವನ ಪಾಲಿಗೆ ಕರಿ ಚುಕ್ಕೆಗಳೇ ಗತಿ.

ಈ ಓದುಬರಹದ ದೆಸೆಯಿಂದಲೇ ಒಟ್ಟೊ ಮತ್ತು ಎಲ್ಸಾ ದಂಪತಿಗಳು ನನಗೆ ಗಂಟುಬಿದ್ದದ್ದು. ಇಬ್ಬರೂ ವಿಯೆನ್ನಾ ನಗರದವರು, ಯೆಹೂದಿಗಳು. ಒಟ್ಟೊ ಅವರದು ಇನ್ನೂರು ವರ್ಷಕ್ಕೂ ಹಿಂದಿನ ಸಂಗೀತ. ಯೂರೋಪಿನವರು ಬರೋಕ್ ಎಂದು ಕರೆಯುವ ಕಾಲದ್ದು. ದೊಡ್ಡ ಸಭೆಗಲ್ಲ, ಹಜಾರದಲ್ಲಿ ಹತ್ತು ಜನ ಕೂತರೆ ಇಬ್ಬರು ಮೂವರು ಸೇರಿ ನುಡಿಸುವಂಥದ್ದು. ಅವರ ವಾದ್ಯಕ್ಕೆ ಆರು ತಂತಿ. ಅದನ್ನು ನೆಲಕ್ಕೆ ಊರದೆ ಎರಡು ಕಾಲುಗಳ ನಡುವೆ ಅವುಚಿ ಹಿಡಿದು ಕಮಾನು ಎಳೆಯುತ್ತಾರೆ. ಅದರ ನಿಜವಾದ ಹೆಸರು ನನ್ನ ನಾಲಗೆಗೆ ಹೊರಳದ್ದರಿಂದ ಕಾಲುಪಿಟೀಲು ಎಂದು ಹೆಸರಿಟ್ಟೆ. ಎಲ್ಸಾ ಅವರದೋ ನಿನ್ನೆ ಮೊನ್ನೆ ಹುಟ್ಟಿದ ಕುಣಿತ. ಬರಿಗಾಲು, ಗೆಜ್ಜೆಯಿಲ್ಲ, ಕಥೆಯಿಲ್ಲ, ಮುದ್ರೆಯಿಲ್ಲ. ಗಂಡನ ಮುತ್ತಜ್ಜನ ಕಾಲದ ಸಂಗೀತಕ್ಕೂ ಹೆಂಡತಿಯ ಹೊಸ ಕುಣಿತಕ್ಕೂ ಗಂಟುಹಾಕಿ ಅವರು ಒಂದು ಪ್ರದರ್ಶನ ಕಟ್ಟಿದ್ದರು: ನೀರು, ಗಾಳಿ, ಬೆಂಕಿ, ಮಣ್ಣು.

"ಭೂತಗಳು ಐದಲ್ಲವೇ? ಆಕಾಶವನ್ನು ಬಿಟ್ಟಿದ್ದೀರಿ," ಎಂದೆ ನಾನು ಮೊದಲ ದಿನವೇ.

"ನಮ್ಮಲ್ಲಿ ನಾಲ್ಕೇ," ಎಂದರು ಒಟ್ಟೊ ತಮ್ಮ ಇಂಗ್ಲಿಷಿನಲ್ಲಿ.

ಆಕಾಶವಿಲ್ಲದ ದೇಶದಲ್ಲಿ ಜನ ಎಲ್ಲಿ ಬಟ್ಟೆ ಒಣಗಿಸುತ್ತಾರೋ ಎಂದು ಯೋಚಿಸುತ್ತ ಪಿಟೀಲು ಶ್ರುತಿ ಮಾಡಿಕೊಂಡೆ.

ಇನ್ನು ನಗುವಂಥದ್ದಲ್ಲದ ಸಂಗತಿ. ಅವರಿಗೆ ನಮ್ಮ ಕಡೆ ಇರಲು ಕೊಟ್ಟಿದ್ದ ಪರವಾನಗಿ ಯುಗಾದಿಯ ಹೊತ್ತಿಗೆ ಮುಗಿಯುತ್ತಿತ್ತು. ಅಷ್ಟರೊಳಗೆ ಖಾಯಂ ಕೆಲಸ ಸಿಗದಿದ್ದರೆ ಹಡಗು ಹತ್ತಿ ಬಂದ ಕಡೆಗೇ ಹೋಗಬೇಕು. ಬಂದ ಕಡೆ ಅವರ ಮನೆಯಲ್ಲಿ ಬೇರೆ ಯಾರೋ ಇದ್ದರು. ಯೆಹೂದಿಗಳೆಂಬ ಒಂದೇ ಕಾರಣಕ್ಕೆ ಇಬ್ಬರ ಕೆಲಸವೂ ಹೋಗಿತ್ತು, ಒಟ್ಟೊ ಅವರ ಅಣ್ಣನನ್ನು ಹಿಡಿದುಕೊಂಡು ಹೋದವರು ಎಲ್ಲಿಟ್ಟಿದ್ದಾರೆಂದು ಹೇಳಿರಲಿಲ್ಲ. ಹೀಗಿರುವಾಗ ಹೈದರಾಬಾದಿನ ಹೆಣ್ಣುಮಕ್ಕಳ ಶಾಲೆಯೊಂದಕ್ಕೆ ಸಂಗೀತ ಮತ್ತು ಅಂಗಸಾಧನೆ ಕಲಿಸುವವರು ಬೇಕೆಂದು ಸುದ್ದಿ ಬಂತು. ಶಿಫಾರಸು ಮಾಡಬೇಕಾದವರು ಲಿಂಗಸುಗೂರಿನಲ್ಲಿ ಮೊಕ್ಕಾಂ ಮಾಡಿದ್ದ ತಾಲೂಕದಾರ ಸಾಹೇಬರು. ತಾಲೂಕದಾರ ಎಂದರೆ ಅಲ್ಲಿ ನಮ್ಮ ಕಲೆಕ್ಟರಿದ್ದ ಹಾಗೆ. 'ಬಂದು ತೋರಿಸಿ, ಆಮೇಲೆ ಬರೆಯುತ್ತೇನೆ,' ಎಂದು ಅವರ ಕಾಗದ ಬಂತು. ಸಂಕ್ರಾಂತಿ ಕಳೆದು ಹತ್ತಿ ಒಡೆಯುವ ಹೊತ್ತಿಗೆ ನಾವು ಮೂವರು ಹೊರಟೆವು.

ಮುಕ್ಕುಂದ

ಹರಿಗೋಲಿನ ಗುಣವೆಂದರೆ ಅದಕ್ಕೆ ಮುಂದು ಹಿಂದು ಇಲ್ಲ. ದುಂಡಗಿನ ಬುಟ್ಟಿ, ತಿರುಗುತ್ತಲೇ ಹೋಗುತ್ತದೆ. ನನ್ನ ಎದುರಿಗೆ ಒಮ್ಮೆ ಬಳ್ಳಾರಿ ಸೀಮೆ ಬಂತು, ಒಮ್ಮೆ ನಿಜಾಮರ ಸೀಮೆ ಬಂತು. ಕೊನೆಗೆ ಯಾವುದು ಯಾವುದೆಂದು ತಿಳಿಯದೆ ಕಣ್ಣು ಮುಚ್ಚಿದೆ. ಒಟ್ಟೊ ಕಾಲುಪಿಟೀಲನ್ನು ಎಳೆಗೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಎಲ್ಸಾ ಮಾತ್ರ ಆ ತಿರುಗಾಟವನ್ನು ಕಣ್ಣರಳಿಸಿ ನೋಡುತ್ತ, ನೀರಿನ ಕುಣಿತದಲ್ಲಿ ಏನೋ ಬದಲಾಯಿಸಬೇಕು ಎಂದು ಗಂಡನಿಗೆ ಜರ್ಮನ್ ಭಾಷೆಯಲ್ಲಿ ಹೇಳುತ್ತಿದ್ದರಂತೆ. ಹೊಟ್ಟೆಯೊಳಗಿನ ನೀರು ಬದಲಾಗದಿದ್ದರೆ ಸಾಕೆಂದು ನಾನು ದೇವರಲ್ಲಿ ಬೇಡುತ್ತಿದ್ದೆ.

ದಡದಲ್ಲಿ ಸುಂಕದ ಜವಾನನಿದ್ದ. ಅವನು ವಾದ್ಯದ ಪೆಟ್ಟಿಗೆಯ ಸುತ್ತ ಎರಡು ಪ್ರದಕ್ಷಿಣೆ ಹಾಕಿದ.

"ಇದರ ಹೊಟ್ಟಿಯೊಳಗ ಏನೈತ್ರಿ?"

"ಏನೂ ಇಲ್ಲಪ್ಪ. ಗಾಳಿ," ಎಂದೆ.

"ಖಾಲಿ ಇದ್ದದ್ದಕ್ಕ ಇಷ್ಟ ದೊಡ್ಡ ಪೆಟಿಗಿ ಯಾಕ್ರಿ?"

ಉತ್ತರ ಕೊಡಲು ಒಟ್ಟೊ ಅಲ್ಲೇ ಬಂಡೆಯ ಮೇಲೆ ಕೂತು ಕಮಾನು ಎಳೆದರು. ಜವಾನ ಪೇಟ ಸರಿಸಿ ವಾದ್ಯದ ಬೆನ್ನಿಗೆ ಕಿವಿ ಹಚ್ಚಿದ. ಬಹಳ ಹೊತ್ತು ಹಾಗೇ ಇದ್ದ. ಆಮೇಲೆ ಎದ್ದು, "ಹೋಗ್ರಿ. ದನಿಗಿ ಸುಂಕ ಇಲ್ಲ," ಎಂದ. ಮೈಸೂರಿನಲ್ಲಿ ಇಷ್ಟು ಗಮನವಿಟ್ಟು ಕೇಳಿದ ಶ್ರೋತೃ ನಮಗೆ ಸಿಕ್ಕಿರಲಿಲ್ಲ.

ಅನಾಹುತವಾದದ್ದು ಆಮೇಲೆ. ಹರಿಗೋಲಿನೊಳಗೆ ಒಸರಿದ ನೀರು ಒಟ್ಟೊ ಅವರ ಕೈಚೀಲಕ್ಕೆ ಹೊಕ್ಕು, ಹೆಚ್ಚುವರಿಗೆಂದು ಇಟ್ಟುಕೊಂಡಿದ್ದ ತಂತಿಗಳೆಲ್ಲ ನೆನೆದಿದ್ದವು. ಒಟ್ಟೊ ಲೋಹದ ತಂತಿ ಮುಟ್ಟುವವರಲ್ಲ. ಹಳೆಯ ಸಂಗೀತಕ್ಕೆ ಹಳೆಯ ತಂತಿಯೇ ಆಗಬೇಕು. ಎಲ್ಸಾ ಅವುಗಳನ್ನು ಬಿಸಿಲಿಗೆ ಬಂಡೆಯ ಮೇಲೆ ಸಾಲಾಗಿ ಹರವಿದರು. ನಾವು ಗಾಡಿ ಗೊತ್ತುಮಾಡಲು ಊರೊಳಗೆ ಹೋಗಿ ಬರುವಷ್ಟರಲ್ಲಿ ಒಂದು ಕೆಂಚು ನಾಯಿ ಕೊನೆಯ ತಂತಿಯನ್ನು ಜಗಿಯುತ್ತಿತ್ತು. ಉಳಿದವು ಆಗಲೇ ಅದರ ಹೊಟ್ಟೆಯಲ್ಲಿದ್ದವು.

"ನಾರನ್ನು ನಾಯಿ ಯಾಕೆ ತಿನ್ನುತ್ತದೆ?" ಎಂದು ಕೇಳಿದೆ.

"ಯಾವ ನಾರು? ಅದು ಕುರಿಯ ಕರುಳು," ಎಂದರು ಒಟ್ಟೊ.

ನನ್ನ ಪಿಟೀಲಿಗೂ ಅದೇ ತಂತಿ. ಅದು ವಿಲಾಯಿತಿ ನಾರು ಎಂದು ತಂದೆಯವರು ಹೇಳಿದ್ದರು. ಇಪ್ಪತ್ತು ವರ್ಷದಿಂದ ಸ್ನಾನ ಮಾಡಿ, ಸಂಧ್ಯಾವಂದನೆ ಮುಗಿಸಿ, ಮಡಿಯಲ್ಲಿ ಅದನ್ನು ಗದ್ದದ ಕೆಳಗೆ ಇಟ್ಟುಕೊಂಡವನು ನಾನು. ಆ ಸಂಜೆ ಊಟ ಸೇರಲಿಲ್ಲ. ಮಾರನೆಯ ದಿನ ಸೇರಿತು. ಇಪ್ಪತ್ತು ವರ್ಷದ ಪ್ರಾಯಶ್ಚಿತ್ತಕ್ಕೆ ಒಂದು ಊಟ ಸಾಕೆಂದು ನಾನೇ ತೀರ್ಮಾನ ಕೊಟ್ಟುಕೊಂಡೆ.

ಸಿಂಧನೂರು

ಗಾಡಿ ಹೊಡೆಯುವವನು ಮುಕ್ಕುಂದದ ಯಂಕಪ್ಪ. ಮಾತು ಕಡಿಮೆ, ಎತ್ತುಗಳೊಡನೆ ಮಾತ್ರ ಧಾರಾಳ. ದಾರಿಯ ಎರಡೂ ಕಡೆ ಎರೆಹೊಲ, ಕಣ್ಣು ಹಾಯುವಷ್ಟು ದೂರ ಹತ್ತಿ ಮತ್ತು ಜೋಳ. ನಮ್ಮ ಕಡೆಯ ಹಾಗೆ ಸಾಲುಮರಗಳ ನೆರಳು ಸಿಗುವುದಿಲ್ಲ. ಕಾಫಿಪುಡಿಯನ್ನು ಬಟ್ಟೆಯಲ್ಲಿ ಕಟ್ಟಿ ತಂದಿದ್ದೆ. ಹಾಲು ಸಿಕ್ಕ ಕಡೆ ಬೆಲ್ಲ ಸಿಗದು, ಎರಡೂ ಸಿಕ್ಕ ಕಡೆ ಒಲೆಯ ಯಜಮಾನಿ "ಈ ಕರೀ ಮಣ್ಣ ಯಾಕ ಕುಡೀತೀರಿ, ಚಹಾ ಕುಡೀರಿ," ಎಂದು ನನ್ನ ಪುಡಿಯನ್ನು ಪಕ್ಕಕ್ಕಿಡುತ್ತಿದ್ದಳು. ಆದರೆ ಆಕೆ ತಟ್ಟಿಕೊಟ್ಟ ಬಿಸಿ ಜೋಳದ ರೊಟ್ಟಿಗೂ ಎಣ್ಣೆಗಾಯಿ ಪಲ್ಯಕ್ಕೂ ನಾನು ಸೋತೆ. ಇದನ್ನು ನಮ್ಮ ಮನೆಯಲ್ಲಿ ಯಾರಿಗೂ ಹೇಳಿಲ್ಲ.

ಎತ್ತುಗಳಿಗೆ ನೀರು ಕುಡಿಸಲು ನಿಂತಾಗ ಎಲ್ಸಾ ಹತ್ತಿ ಬಿಡಿಸಿ ಮುಗಿದಿದ್ದ ಹೊಲಕ್ಕೆ ಇಳಿದು ಮಣ್ಣಿನ ಕುಣಿತ ಅಭ್ಯಾಸ ಮಾಡತೊಡಗಿದರು. ಬೆನ್ನು ಬಗ್ಗಿಸಿ, ಕಾಲೆಳೆದು, ನೆಲವನ್ನೇ ದಿಟ್ಟಿಸುತ್ತ ಸುತ್ತುಹಾಕುವುದು. ಪಕ್ಕದ ಹೊಲದಲ್ಲಿ ಹತ್ತಿ ಬಿಡಿಸುತ್ತಿದ್ದ ಹೆಂಗಸರು ಸ್ವಲ್ಪ ಹೊತ್ತು ನೋಡಿದರು. ಒಬ್ಬಳು ಉಡಿಯ ಹತ್ತಿ ಕೆಳಗಿಟ್ಟು ಬಂದಳು.

"ದೊರೆಸಾನಿ ಏನ ಕಳಕೊಂಡಾಳ್ರಿ? ಮೂಗುತಿ ಏನು?"

ನಾನು ಹೇಳುವಷ್ಟರಲ್ಲಿ ಏಳೆಂಟು ಹೆಂಗಸರು ಬಗ್ಗಿ ಎಲ್ಸಾ ಅವರ ಹಿಂದೆ ಸುತ್ತುಹಾಕುತ್ತ ಮೂಗುತಿ ಹುಡುಕುತ್ತಿದ್ದರು. ಎಲ್ಸಾಗೆ ಸಂಗತಿ ತಿಳಿಯದು. ತನ್ನ ಕುಣಿತ ಇಷ್ಟು ಬೇಗ ಇವರಿಗೆ ಹಿಡಿಯಿತಲ್ಲ ಎಂದು ಹಿಗ್ಗಿ ಇನ್ನೂ ಎರಡು ಸುತ್ತು ಹಾಕಿದರು. ಏನೂ ಕಳೆದಿಲ್ಲ ಎಂದು ನಾನು ಕೂಗಿ ಹೇಳಿದ ಮೇಲೆ ಹೆಂಗಸರು ಸೊಂಟ ಹಿಡಿದುಕೊಂಡು ಎದ್ದರು. "ಏನೂ ಕಳೀದನ ಹುಡುಕ್ತಾಳಂದ್ರ ಭಾಳ ದೊಡ್ಡಾಕಿ ಬಿಡ್ರಿ," ಎಂದು ಒಬ್ಬಳು ಹೇಳಿದ್ದು ತಮಾಷೆಗೋ ನಿಜಕ್ಕೋ ಗೊತ್ತಾಗಲಿಲ್ಲ.

ಆ ರಾಜ್ಯದಲ್ಲಿ ನಾಲ್ಕು ಜನ ಸೇರುವ ಯಾವ ಕಾರ್ಯಕ್ಕೂ ಪೊಲೀಸರ ಅಪ್ಪಣೆ ಬೇಕು. ದಾರಿಯ ಮೊದಲ ಠಾಣೆ ಸಿಂಧನೂರಿನದು; ಅಲ್ಲಿನ ಪೊಲೀಸ್ ಅಧಿಕಾರಿ ಅಮೀನ್ ಸಾಹೇಬರ ಕಚೇರಿಗೆ ಹೋಗಿ ದರಖಾಸ್ತು ಕೊಟ್ಟೆ. ಬುದ್ಧಿವಂತಿಕೆ ತೋರಿಸಲು ಹೋಗಿ, ಪ್ರದರ್ಶನದ ನಾಲ್ಕು ಬಾಬುಗಳನ್ನು ಒಂದರ ಕೆಳಗೊಂದು ಬರೆದಿದ್ದೆ. ಸುಮ್ಮನೆ 'ಸಂಗೀತ' ಎಂದು ಬರೆದಿದ್ದರೆ ಮುಗಿದುಹೋಗುತ್ತಿತ್ತು. ಅಮೀನರು ಪ್ರತಿಯೊಂದರ ಮೇಲೂ ಬೆರಳಿಟ್ಟು ವಿಚಾರಣೆ ಮಾಡಿದರು.

"ನೀರು. ಎಷ್ಟು ಕೊಡ ಬೇಕಾಗತೈತಿ?"

"ಒಂದು ಹನಿಯೂ ಬೇಡ."

"ಮಂಜೂರು. ಗಾಳಿ ಮಂಜೂರು. ಮಣ್ಣು ಮಂಜೂರು. ಬೆಂಕಿ..." ಅವರು ತಲೆಯೆತ್ತಿದರು. "ಹತ್ತಿ ಸುಗ್ಗಿ ಐತ್ರಿ. ಊರತುಂಬ ಹತ್ತಿ ಒಟ್ಟ್ಯಾರ. ಒಂದು ಕಿಡಿ ಬಿದ್ರ ಜವಾಬು ಕೊಡೋರು ಯಾರು?"

"ನಿಜವಾದ ಬೆಂಕಿಯಲ್ಲ ಸ್ವಾಮಿ. ಇದು ಕುಣಿಯುವ ಬೆಂಕಿ."

"ಎಲ್ಲಾ ಬೆಂಕಿನೂ ಕುಣೀತೈತಿ," ಎಂದು ಹೇಳಿ ಅಮೀನರು ಆ ಸಾಲಿನ ಮೇಲೆ ಕೆಂಪು ಮಸಿ ಎಳೆದರು.

ಹೀಗೆ ನಮ್ಮ ಹತ್ತಿರ ಮೂರು ಭೂತಗಳು ಉಳಿದವು. ಒಟ್ಟೊ ಕಾಗದವನ್ನು ಮಡಿಸಿ ಪೆಟ್ಟಿಗೆಯಲ್ಲಿಟ್ಟರು. ಬೆಂಕಿಯ ಭಾಗವೇ ಎಲ್ಸಾ ಅವರ ಹೆಚ್ಚುಗಾರಿಕೆಯ ಭಾಗ, ಅದನ್ನು ನಂಬಿಕೊಂಡೇ ಅವರು ಹೊರಟದ್ದು ಎಂದು ನನಗೆ ಆಮೇಲೆ ತಿಳಿಯಿತು. ನನ್ನ ಅತಿಬುದ್ಧಿಗೆ ನನಗೇ ನಾಚಿಕೆಯಾಯಿತು.

ಮಸ್ಕಿ

ಮಸ್ಕಿಯಲ್ಲಿ ಅಂದು ಸಂತೆ. ಗಾಳಿ ಎಷ್ಟು ಒಣಗಿತ್ತೆಂದರೆ ಬೆಳಗ್ಗೆ ಒಗೆದ ಪಂಚೆ ಹಿಂಡಿ ಮುಗಿಯುವುದರೊಳಗೆ ಒಣಗುತ್ತಿತ್ತು. ಚಾವಡಿಯ ಕಟ್ಟೆಯ ಮೇಲೆ ಕೂತು ಒಟ್ಟೊ ವಾದ್ಯ ಹೊರಗೆ ತೆಗೆದರು. ಶ್ರುತಿ ಮಾಡಲು ಬಿರಡೆ ತಿರುಗಿಸಿದ್ದೇ ತಡ, ಎಲ್ಲಕ್ಕಿಂತ ದಪ್ಪದ ಆರನೆಯ ತಂತಿ ಪಟ್ಟೆಂದು ಕಡಿದುಹೋಯಿತು. ಹೆಚ್ಚುವರಿ ತಂತಿಗಳು ಮುಕ್ಕುಂದದ ನಾಯಿಯ ಹೊಟ್ಟೆಯಲ್ಲಿ. ಲಿಂಗಸುಗೂರಿಗೆ ಇನ್ನು ಉಳಿದದ್ದು ಒಂದು ದಿನದ ದಾರಿ.

ಆ ತಂತಿಯಿಲ್ಲದೆ ಮಣ್ಣು ಎಂಬ ಭಾಗವೇ ಇಲ್ಲ. ಪೂರ್ತಿ ಅದರ ಮೇಲೆ ನಿಂತದ್ದು. ಬೆಂಕಿ ಅಮೀನರ ಪಾಲಾಯಿತು, ಮಣ್ಣು ನಾಯಿಯ ಪಾಲಾಯಿತು. ಉಳಿದ ಎರಡನ್ನಿಟ್ಟುಕೊಂಡು ಕೆಲಸ ಕೇಳಲು ಹೋಗುವುದು ಹೇಗೆ? ಎಲ್ಸಾ ಗಂಡನ ಪಕ್ಕ ಕೂತು ಅವರ ಅಂಗೈಯನ್ನು ತಮ್ಮ ಕೈಯಲ್ಲಿಟ್ಟುಕೊಂಡರು. ಇಬ್ಬರೂ ಅಳಲಿಲ್ಲ. ನನಗೇ ಅಳು ಬಂತು.

ಅಷ್ಟರಲ್ಲಿ ಸಂತೆಯ ಗದ್ದಲದ ನಡುವೆ ಒಂದು ನಾದ ಕೇಳಿಸಿತು. ಢಂಯ್, ಢಂಯ್, ಢಂಯ್. ಒಟ್ಟೊ ಕತ್ತು ಎತ್ತಿದರು. ಕಡಿದ ತಂತಿಯ ಸ್ವರ ಅದೇ ಎಂದು ಹೇಳಿ, ಟೋಪಿಯನ್ನೂ ಬಿಟ್ಟು ಆ ಕಡೆ ಓಡಿದರು. ಈರುಳ್ಳಿ ರಾಶಿ ದಾಟಿ, ಬಳೆಗಾರರ ಸಾಲು ದಾಟಿ, ಕುರಿಗಳ ನಡುವೆ ನುಗ್ಗಿ ಅವರು ನಿಂತದ್ದು ಹತ್ತಿ ಹಿಂಜುವವರ ಮನೆಯ ಮುಂದೆ.

ಹಿಂಜುವವಳ ಹೆಸರು ಮೌಲಾಬಿ, ಪಿಂಜಾರರ ಹೆಣ್ಣುಮಗಳು. ವಯಸ್ಸು ಐವತ್ತರ ಹತ್ತಿರ. ಗಂಡನ ಮೊಣಕಾಲು ಬಾತು ಅವನು ಮೂಲೆಯಲ್ಲಿ ಕೂತಿದ್ದ, ದುಡಿಮೆಯೆಲ್ಲ ಈಕೆಯದೇ. ಸೂರಿನಿಂದ ತೂಗಿಬಿಟ್ಟ ಆಳುದ್ದದ ಬಿಲ್ಲು, ಅದಕ್ಕೆ ಬಿಗಿದ ದಪ್ಪ ತಂತಿ. ಕೈಯಲ್ಲಿ ಮರದ ಕೊಡತಿ. ತಂತಿಯನ್ನು ಹತ್ತಿಯಲ್ಲಿ ಅದ್ದಿ ಕೊಡತಿಯಿಂದ ಹೊಡೆದರೆ ಹತ್ತಿ ನೊರೆಯ ಹಾಗೆ ಹಾರುತ್ತಿತ್ತು.

ಒಟ್ಟೊ ತಂತಿಯ ಕಡೆ ಬೆರಳು ಮಾಡಿ, ಕಡಿದ ತುಂಡನ್ನು ಅವಳ ಮುಂದೆ ಹಿಡಿದರು. ಮೌಲಾಬಿ ಅದನ್ನು ಮೂಗಿಗೆ ಹಿಡಿದು ನೋಡಿದಳು, ಹಲ್ಲಿನಿಂದ ಕಚ್ಚಿ ನೋಡಿದಳು.

"ಕುರಿ ಕರುಳು. ಚೊಲೊ ಹೊಸೆದಾರ, ಆದ್ರ ಎಣ್ಣಿ ಕಂಡಿಲ್ಲ. ಬಿಸಿಲಿಗಿ ಔಡಲೆಣ್ಣಿ ಹಚ್ಚಲಿಲ್ಲಂದ್ರ ಹರೀದ ಏನ್ಮಾಡತೈತಿ? ನಿಮ್ಮ ಸಾಹೇಬಗ ಯಾರೂ ಹೇಳಿಲ್ಲೇನ್ರಿ ಆಚಾರ್ರ?" ಎಂದಳು ನನ್ನ ಜುಟ್ಟು ನೋಡಿ.

ನಾನು ಅನುವಾದ ಮಾಡಿದೆ. ಒಟ್ಟೊ ಮೂವತ್ತು ವರ್ಷ ಕಲಿತ ವಿದ್ಯೆಯಲ್ಲಿ ಔಡಲೆಣ್ಣೆ ಇರಲಿಲ್ಲ. ಬೈಸಿಕೊಂಡ ಶಿಷ್ಯನ ಹಾಗೆ ತಲೆಯಾಡಿಸಿದರು.

ಮೌಲಾಬಿ ಜಂತಿಯಿಂದ ಒಂದು ತಂತಿ ಇಳಿಸಿ ತಂದಳು. ಅದು ಬಿರಡೆಯ ತೂತಿನಲ್ಲಿ ಹೋಗದಷ್ಟು ದಪ್ಪವಾಗಿತ್ತು. ಅವಳು ಒಡೆದ ಸೀಸೆಯ ಚೂರು ತೆಗೆದುಕೊಂಡು, ತಂತಿಯ ಒಂದು ತುದಿಯನ್ನು ಕಾಲಿನ ಹೆಬ್ಬೆರಳಿಗೆ ಸುತ್ತಿ, ಇನ್ನೊಂದನ್ನು ಎಡಗೈಯಲ್ಲಿ ಜಗ್ಗಿ ಹಿಡಿದು ಹೆರೆಯತೊಡಗಿದಳು. ನಡುನಡುವೆ ಬೆರಳುಗಳ ನಡುವೆ ಎಳೆದು, ಎಲ್ಲಿ ಉಬ್ಬಿದೆ ಎಂದು ನೋಡದೆಯೇ ತಿಳಿದುಕೊಳ್ಳುತ್ತಿದ್ದಳು. ಒಂದು ತಾಸಿಗೆ ತಂತಿ ಸಿದ್ಧವಾಯಿತು. ಒಟ್ಟೊ ಅದನ್ನು ಏರಿಸಿ ಕಮಾನು ಎಳೆದರು. ಹಟ್ಟಿಯೊಳಗಿನ ಎಮ್ಮೆ ಒದರಿದ ಹಾಗಿತ್ತು.

"ಇದರಲ್ಲಿ ನುಡಿಸುತ್ತೀರಾ?" ಎಂದು ಕೇಳಿದೆ ಗಾಬರಿಯಿಂದ.

"ಇಷ್ಟು ವರ್ಷ ನಾನು ನುಡಿಸಿದ್ದು ಹೂಕುಂಡದ ಮಣ್ಣು," ಎಂದರು ಅವರು. "ಇದು ಹೊಲದ್ದು."

ಏನು ಕೊಡಬೇಕೆಂದು ಕೇಳಿದಾಗ ಮೌಲಾಬಿ ಗಾಡಿಯಲ್ಲಿ ಜಾಗ ಕೇಳಿದಳು. ಅವಳೂ ಲಿಂಗಸುಗೂರಿಗೇ ಹೊರಟವಳು. "ತಾಲೂಕದಾರ ಸಾಹೇಬರ ಬಂಗ್ಲೆದಾಗ ಗಾದಿ ಹತ್ತಿ ಹಿಂಜೋದೈತ್ರಿ. ಈ ಬಿಲ್ಲು ಹೊತ್ತು ನಡೀಬೇಕಂದ್ರ ನನ್ನ ಹೆಗಲು ನನ್ನ ಮಾತು ಕೇಳವಲ್ದು." ಹೊರಡುವ ಮುನ್ನ ಉಳಿದ ಹತ್ತಿಯನ್ನು ಹಿಂಜಿ ಮುಗಿಸಿದಳು. ಹಾರುವ ಹತ್ತಿಯ ನಡುವೆ ಎಲ್ಸಾ ಹೇಗೋ ಹೋಗಿ ನಿಂತಿದ್ದರು. ಕೊಡತಿಯ ಪೆಟ್ಟಿಗೆ ಸರಿಯಾಗಿ ಅವರ ಭುಜ ಏಳುತ್ತಿತ್ತು, ಬೀಳುತ್ತಿತ್ತು. ಕೈಯಲ್ಲಿ ಕಾಗದವಿರಲಿಲ್ಲವಾದ್ದರಿಂದ ನಾನು ಮೊದಲ ಸಲ ಆಕೆ ನಾದಕ್ಕೆ ಕುಣಿಯುವುದನ್ನು ನೋಡಿದೆ. ಚೆನ್ನಾಗಿತ್ತು. ತುಂಬ ಚೆನ್ನಾಗಿತ್ತು.

"ಬಿಡ್ರಿ, ನಿಂದರ್ಲಿ ಆಕಿ," ಎಂದಳು ಮೌಲಾಬಿ. "ಹತ್ತಿ ಹಾರೋದು ಹೆಂಗಂತ ಗೊತ್ತೈತಿ ಆಕಿಗಿ."

ಲಿಂಗಸುಗೂರು

ಲಿಂಗಸುಗೂರಿನಲ್ಲಿ ಹಿಂದೊಮ್ಮೆ ಇಂಗ್ಲಿಷರ ಪಾಳೆಯವಿತ್ತಂತೆ. ಅವರು ಬಿಟ್ಟುಹೋದ ಹಳೆಯ ಬಂಗಲೆಗಳಲ್ಲೊಂದು ತಾಲೂಕದಾರರ ಮೊಕ್ಕಾಂ. ಸಾಹೇಬರು ವಿಲಾಯಿತಿಯಲ್ಲಿ ಓದಿದವರು, ಬಹಳ ಸೌಜನ್ಯದ ಮನುಷ್ಯ. ನಮ್ಮನ್ನು ಕೂರಿಸಿ, ತಾವೇ ಪಾನ್ ಕೊಟ್ಟು, ಆಮೇಲೆ ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿದರು:

"ನೃತ್ಯವನ್ನು ನಾನು ನೋಡುವಂತಿಲ್ಲ."

ಹೈದರಾಬಾದಿನ ಆ ಶಾಲೆಯ ಆಡಳಿತ ಸಮಿತಿಯಲ್ಲಿ ಮಾತು ನಡೆಯುವುದು ಅವರ ಬೇಗಂ ಸಾಹೇಬರದು. ಆಕೆ ಗೋಷಾ ಪಾಲಿಸುವವರು, ಪರಪುರುಷರ ಮುಂದೆ ಬರುವುದಿಲ್ಲ. ಮೇಲಾಗಿ, ಗಂಡಸರ ಮುಂದೆ ಕುಣಿದವಳು ಎಂದು ಊರಲ್ಲಿ ಮಾತಾದರೆ ಹೆಣ್ಣುಮಕ್ಕಳ ಶಾಲೆಗೆ ಎಲ್ಸಾ ಅವರನ್ನು ಯಾರೂ ಸೇರಿಸಿಕೊಳ್ಳುವುದಿಲ್ಲ. ಆದ್ದರಿಂದ ಎಲ್ಸಾ ಒಳ ಅಂಗಳದಲ್ಲಿ ಬೇಗಂ ಮತ್ತು ಮನೆಯ ಹೆಂಗಸರ ಮುಂದೆ ಕುಣಿಯಬೇಕು, ನಾವು ಹೊರಗಿನ ಪಡಸಾಲೆಯಲ್ಲಿ ನುಡಿಸಬೇಕು. ನಡುವೆ ದಪ್ಪನೆಯ ಪರದೆ.

ಒಟ್ಟೊ ಕೈಯಲ್ಲಿದ್ದ ಪಾನನ್ನು ತಟ್ಟೆಗೆ ಹಿಂದಿಟ್ಟರು. ಹನ್ನೊಂದು ವರ್ಷದಲ್ಲಿ ಒಂದು ಸಲವೂ ಹೆಂಡತಿಯ ಪಾದ ನೋಡದೆ ಅವರು ನುಡಿಸಿದವರಲ್ಲ. ಕಾಲು ಎದ್ದಾಗ ಕಮಾನು ಏಳಬೇಕು, ಕಾಲು ಬಿದ್ದಾಗ ಸ್ವರ ಬೀಳಬೇಕು, ಪ್ರದರ್ಶನವೆಲ್ಲ ನಿಂತಿರುವುದೇ ಅದರ ಮೇಲೆ. ಕಾಣದವಳ ಜೊತೆ ನುಡಿಸುವುದು ಹೇಗೆ? ಮದುವೆಯಲ್ಲಿ ಅಂತಃಪಟದ ಆಚೆ ಈಚೆ ನಿಂತ ವಧೂವರರ ಹಾಗೆ ಎಂದು ಹೇಳಿ ಅವರನ್ನು ನಗಿಸಲು ನೋಡಿದೆ. ಅವರು ನಗಲಿಲ್ಲ.

ಮೌಲಾಬಿಗೆ ಇಂಥ ತೊಡಕೊಂದೂ ಇಲ್ಲ. ಬಿಲ್ಲು ಹೊತ್ತು ಪರದೆ ಸರಿಸಿ ಒಳಗೆ ನಡೆದಳು. "ಹೆದರಬ್ಯಾಡ್ರಿ. ನಾ ಅಲ್ಲೇ ಗಾದಿ ಹಿಂಜಾಕತ್ತಿರತೀನಿ. ನೋಡಿ ಬಂದು ಹೇಳತೀನಿ," ಎಂದಳು.

ತಾಲೂಕದಾರರು ಸಿಂಧನೂರಿನ ಅಪ್ಪಣೆಯ ಕಾಗದ ಕೇಳಿ ತರಿಸಿ ಓದಿದರು. "ಇದರಲ್ಲಿ ಬೆಂಕಿ ನಾಮಂಜೂರಾಗಿದೆ," ಎಂದರು ಗಂಭೀರವಾಗಿ. ಪರದೆಯ ಒಳಗಿನಿಂದ ಹೆಣ್ಣುದನಿಯೊಂದು ಉರ್ದುವಿನಲ್ಲಿ ಏನೋ ಹೇಳಿತು. ಸಾಹೇಬರು ಕಾಗದವನ್ನು ನಾಲ್ಕಾಗಿ ಮಡಿಸಿ ಜೇಬಿಗೆ ಹಾಕಿಕೊಂಡರು. "ತನ್ನ ಅಂಗಳದಲ್ಲಿ ಅಮೀನರ ಹುಕುಂ ನಡೆಯುವುದಿಲ್ಲವಂತೆ," ಎಂದು ಹೇಳಿ ತಮ್ಮ ಕುರ್ಚಿಯಲ್ಲಿ ಕೂತರು. ಜಿಲ್ಲೆಯನ್ನು ಆಳುವವರ ಮನೆಯ ಒಳಗೂ ನಮ್ಮ ಮನೆಗಳ ಪದ್ಧತಿಯೇ ನಡೆಯುತ್ತದೆಂದು ತಿಳಿದು ನನಗೆ ಧೈರ್ಯ ಬಂತು.

ನೀರಿನಿಂದ ಆರಂಭಿಸಿದೆವು. ಒಳಗಿನಿಂದ ಏನೂ ಕೇಳಿಸಲಿಲ್ಲ. ಗಾಳಿಯ ಭಾಗದಲ್ಲಿ ನಮ್ಮ ಜೊತೆಗೆ ಢಂಯ್ ಎಂದು ಮೂರನೆಯ ವಾದ್ಯವೊಂದು ಸೇರಿತು. ಮೌಲಾಬಿ ಹಿಂಜಲು ಶುರುಮಾಡಿದ್ದಳು. ಒಳಗೆ ಹೆಂಗಸರು ನಕ್ಕರು. ಪರದೆಯ ಕೆಳಗಿನಿಂದ ಹತ್ತಿಯ ಎಳೆಯೊಂದು ತೂರಿಬಂದು ಸಾಹೇಬರ ಬೂಟಿನ ಮೇಲೆ ಕೂತಿತು. ಬೆಂಕಿಯ ಭಾಗಕ್ಕೆ ಬಂದಾಗ ನಗು ನಿಂತು ಸದ್ದೇ ಇಲ್ಲವಾಯಿತು. ಅದು ಮೆಚ್ಚುಗೆಯ ಮೌನವೋ ಬೇಸರದ ಮೌನವೋ, ಪರದೆಯ ಈಚೆ ಇರುವವನಿಗೆ ಹೇಗೆ ಗೊತ್ತಾಗಬೇಕು?

ಕೊನೆಯದು ಮಣ್ಣು. ಒಟ್ಟೊ ಮೌಲಾಬಿಯ ತಂತಿಯ ಮೇಲೆ ಕಮಾನು ಇಟ್ಟು ಕಣ್ಣು ಮುಚ್ಚಿದರು. ಒಳಗೆ ಹೆಜ್ಜೆಯೊಂದು ಬಿತ್ತು. ಅದು ಬಿದ್ದ ಮೇಲೆ ಅವರು ಸ್ವರ ಎಳೆದರು. ಇನ್ನೊಂದು ಹೆಜ್ಜೆ, ಇನ್ನೊಂದು ಸ್ವರ. ಕಾಗದದಲ್ಲಿದ್ದ ಲೆಕ್ಕಕ್ಕೂ ಇದಕ್ಕೂ ಸಂಬಂಧವಿರಲಿಲ್ಲ. ಓದುವುದು ವ್ಯರ್ಥವೆಂದು ನಾನೂ ತಲೆಯೆತ್ತಿ, ಕಿವಿಯನ್ನು ಪರದೆಗೆ ಕೊಟ್ಟು, ಸಿಕ್ಕಿದ ಸ್ವರ ಹಿಡಿದು ಅವರ ಹಿಂದೆ ಹೋದೆ. ನಾವು ಅಷ್ಟು ಚೆನ್ನಾಗಿ ನುಡಿಸಿದ್ದು ಅದೊಂದೇ ಸಲ. ಹೆಜ್ಜೆ ನಿಂತಿತು. ಸ್ವರವೂ ನಿಂತಿತು.

ಒಳಗೆ ಹೆಂಗಸರು ಮೆಲ್ಲಗೆ ಏನೋ ಮಾತಾಡಿಕೊಂಡರು, ಏನೆಂದು ನಮಗೆ ತಿಳಿಯಲಿಲ್ಲ. ತಾಲೂಕದಾರರು ಎದ್ದು ಒಳಗೆ ಹೋಗಿ ಸ್ವಲ್ಪ ಹೊತ್ತಿಗೆ ಹೊರಗೆ ಬಂದರು. "ತುಂಬ ಸಂತೋಷ. ಹೈದರಾಬಾದಿಗೆ ಬರೆಯಬೇಕು, ಅಲ್ಲಿಂದ ಜವಾಬು ಬರಬೇಕು, ನೋಡೋಣ," ಎಂದು ಕೈಕುಲುಕಿ ಕಚೇರಿಗೆ ಹೊರಟುಹೋದರು. ನೋಡೋಣ ಎಂಬ ಮಾತಿನ ಅರ್ಥ ಮೈಸೂರಿನಲ್ಲೂ ಮೊಗಲಾಯಿಯಲ್ಲೂ ಒಂದೇ. ವಿಯೆನ್ನಾದಲ್ಲೂ ಅದೇ ಇರಬೇಕು. ಒಟ್ಟೊ ಕುರ್ಚಿಯಿಂದ ಏಳಲಿಲ್ಲ.

ಆಮೇಲೆ ಮೌಲಾಬಿ ಹೊರಗೆ ಬಂದಳು. ತಲೆತುಂಬ ಹತ್ತಿ. ಮೆಟ್ಟಿಲ ಮೇಲೆ ಕೂತು, ಸೆರಗಿನಿಂದ ಮುಖ ಒರೆಸಿಕೊಂಡು, ಎಲೆ ಅಡಿಕೆ ಬಿಚ್ಚಿದಳು.

"ಏನಾಯಿತು ಮೌಲಾಬಿ?"

"ಹತ್ತಿ ಭಾಳ ಹಳೇದ್ರಿ. ಹಿಂಜಿ ಹಿಂಜಿ ಕೈ ಬಿದ್ದುಹೋದ್ವು. ಅದರಾಗ ಇನ್ನೆರಡು ಗಾದಿ ಹೊಸಾವು ಮಾಡಿಕೊಡಂತ ಹೇಳ್ಯಾರ ಬೇಗಂ ಸಾಹೇಬರು."

"ಗಾದಿ ಇರಲಿ. ಎಲ್ಸಾ ಅವರದು ಏನಾಯಿತು?"

"ಅದನ್ನ ಹೇಳಾಕತ್ತೀನಲ್ರಿ ಆಚಾರ್ರ. ಗಾದಿ ಇವರಿಗೇ. ಹೈದ್ರಾಬಾದಿಗಿ ಹೋಗೂವಾಗ ಕೊಟ್ಟು ಕಳಸಬೇಕಂತ. ಒಂದು ಸಾಕಲ್ರಿ ಅಂದೆ. ಗಂಡನ್ನ ನೆಲದ ಮ್ಯಾಗ ಮಲಗಸ್ತಿಯೇನು ಅಂದ್ರು."

ನಾನು ಅನುವಾದ ಮಾಡಿದೆ. ಒಟ್ಟೊ ನಂಬಲಿಲ್ಲ. ಸಾಹೇಬರು ನೋಡೋಣ ಎಂದಿದ್ದಾರಲ್ಲ ಎಂದರು. ಅದನ್ನೂ ಮೌಲಾಬಿಗೆ ಹೇಳಿದೆ.

"ಸಾಹೇಬರು ಕಾಗದ ಬರಿಯೋರು," ಎಂದಳು ಅವಳು. "ಬರಸೋರು ಒಳಗದಾರ. ನಾಳೆ ಬರೀತಾರ ತುಗೊಳ್ಳ್ರಿ."

ಬೇಗಂ ಅವರ ಮನಸ್ಸು ಇಷ್ಟು ಬೇಗ ಒಲಿದದ್ದು ಹೇಗೆ ಎಂದು ಕೇಳಿದೆ. ಮೌಲಾಬಿ ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿದಳು.

"ಬೆಂಕಿ ಕುಣಿಯೂವಾಗ ಎಲ್ಲಾರೂ ಹೆದರಿ ಸುಮ್ಮನಾದ್ರು. ಕಡೀ ಕುಣಿತ ಮುಗದ ಮ್ಯಾಲೆ ಆಕಿ ಅಂಗಳದಾಗ ಕುಂತುಬಿಟ್ಲು. ಬೇಗಂ ಸಾಹೇಬರು ಇಂಗ್ಲಿಷಿನ್ಯಾಗ ಏನೋ ಕೇಳಿದ್ರು. ಏನ್ ಕೇಳಿದ್ರಿ ಅಂತ ನಾ ಅಂದೆ. ನಿನ್ನ ಊರು ಯಾವುದವ್ವಾ ಅಂತ ಆಕೀನ ಕೇಳೀನಿ ಅಂದ್ರು. ಆಕಿ ಬಾಯಿ ಬಿಡಲಿಲ್ರಿ. ಆಮ್ಯಾಗ ಎರಡೂ ಕೈ ತುಗೊಂಡು ಹಿಂಗ ನೆಲದ ಮ್ಯಾಗ ಇಟ್ಲು." ಮೌಲಾಬಿ ತನ್ನ ಎರಡೂ ಅಂಗೈಗಳನ್ನು ಮೆಟ್ಟಿಲ ಕಲ್ಲಿನ ಮೇಲೆ ಒತ್ತಿ ತೋರಿಸಿದಳು. "ಬೇಗಂ ಸಾಹೇಬರ ಕಣ್ಣಾಗ ನೀರು ಬಂತು."

ಇದನ್ನು ನಾನು ಒಟ್ಟೊ ಅವರಿಗೆ ಹೇಳಿದೆ. ಹೇಳಿ, ತಿಳಿದವನ ಹಾಗೆ ನನ್ನದೂ ಒಂದು ಮಾತು ಸೇರಿಸಿದೆ. ಅದು ಮಣ್ಣಿನ ಕುಣಿತದ ಕೊನೆಯ ಭಂಗಿ ಇರಬೇಕು, ಹೆಂಗಸರು ಅದನ್ನೇ ಉತ್ತರ ಎಂದುಕೊಂಡಿದ್ದಾರೆ, ಒಟ್ಟಿನಲ್ಲಿ ಒಳ್ಳೆಯದೇ ಆಯಿತು ಎಂದೆ.

ಒಟ್ಟೊ ವಾದ್ಯವನ್ನು ಪೆಟ್ಟಿಗೆಯಲ್ಲಿ ಇಡುತ್ತಿದ್ದವರು ಹಾಗೇ ನಿಂತರು. ಪರದೆಯ ಕಡೆ ತಿರುಗಿದರು.

"ಇಲ್ಲ," ಎಂದರು. "ಆ ಕುಣಿತದಲ್ಲಿ ಅವಳ ಕೈ ನೆಲ ಮುಟ್ಟುವುದೇ ಇಲ್ಲ."